ಎಳೆಯ ತುದಿ ಹಿಡಿಯುವವರು

ರೇಷ್ಮೆ ಗೂಡಿಗೆ ಬಾಗಿಲಿಲ್ಲ, ಹೊಲಿಗೆಯಿಲ್ಲ, ಎಲ್ಲೂ ಒಂದು ಸಂದು ಕೂಡ ಕಾಣುವುದಿಲ್ಲ. ಎರಡು ಬೆರಳ ನಡುವೆ ಒತ್ತಿದರೆ ಗಟ್ಟಿ. ತೂಗಿದರೆ ಎರಡು ಗ್ರಾಮಿನ ಆಸುಪಾಸು. ಅದರ ಗೋಡೆಯಷ್ಟೂ ಒಂದೇ ಎಳೆ. ಒಂದು ಹುಳು ಎರಡು ಮೂರು ದಿನ ಎಡೆಬಿಡದೆ ತನ್ನ ಸುತ್ತ ಸುತ್ತಿಕೊಂಡ ಎಳೆ ಅದು. ನಮ್ಮ ಕಡೆಯ ಮಿಶ್ರತಳಿ ಗೂಡಿನಲ್ಲಾದರೆ 600ರಿಂದ 900 ಮೀಟರ್ ಉದ್ದ. ಆ ಎಳೆಯ ಹೊರತುದಿಯನ್ನು ಹುಡುಕಿ, ಹರಿಯದಂತೆ ಒಳಗಿನವರೆಗೂ ಬಿಡಿಸಿಕೊಳ್ಳುವ ಕೆಲಸಕ್ಕೆ ನೂಲು ಬಿಚ್ಚಾಣಿಕೆ ಎನ್ನುತ್ತಾರೆ. ರೇಷ್ಮೆ ಎಂದೊಡನೆ ಹಿಪ್ಪುನೇರಳೆ ತೋಟ ನೆನಪಾಗುತ್ತದೆ, ಸೀರೆ ಅಂಗಡಿ ನೆನಪಾಗುತ್ತದೆ. ನಡುವಿನ ಈ ಕೆಲಸ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ರೇಷ್ಮೆ ಒಂದು ಸೀಮೆಯಲ್ಲಿ ಬೇರೂರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಅಲ್ಲೇ, ಬಿಸಿನೀರಿನ ತೊಟ್ಟಿಯ ಮುಂದೆ.

ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ಕೆಂಗೇರಿಗೆ ಈ ಕಥೆಯಲ್ಲಿ ಒಂದು ಪುಟ್ಟ ಪಾತ್ರವಿದೆ. ಇಂದು ಮೆಟ್ರೊ ಹತ್ತಿ ಇಳಿಯುವ ಆ ಊರು 1866ರಲ್ಲಿ ಮೈಸೂರು ರಸ್ತೆಯ ಮೇಲಿನ ಒಂದು ಪೇಟೆ. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರ್ ಲೆವಿನ್ ಬೌರಿಂಗ್ ಕೈಯಲ್ಲಿತ್ತು. ಆ ವರ್ಷ ಡಿ ವೆಕ್ಕಿ ಎಂಬ ಇಟಲಿಯವನು ಕೆಂಗೇರಿಯಲ್ಲಿ ಒಂದು ರೇಷ್ಮೆ ಉದ್ದಿಮೆ ತೆರೆದ. ಅದಕ್ಕೂ ಎಂಬತ್ತು ವರ್ಷ ಮೊದಲು ಟಿಪ್ಪು ಸುಲ್ತಾನ ಬಂಗಾಳಕ್ಕೆ ಜನ ಕಳಿಸಿ ಬಿತ್ತನೆ ತರಿಸಿ ನೆಲೆಗೊಳಿಸಿದ್ದ ಬೆಳೆ ಆ ಹೊತ್ತಿಗೆ ಸೊರಗಿತ್ತು. ಹುಳುಗಳು ಕಾರಣ ತಿಳಿಯದೆ ಸಾಯುತ್ತಿದ್ದವು. ಬೆಳೆಯನ್ನು ಮತ್ತೆ ಎತ್ತಿ ನಿಲ್ಲಿಸುವುದು ಇಟಲಿಯವನ ಉದ್ದೇಶ. ಆ ಉದ್ದಿಮೆ ಬಹಳ ಕಾಲ ನಡೆಯಲಿಲ್ಲ. ಆದರೂ ಯುರೋಪಿನ ಜನ ಈ ಕಸುಬನ್ನು ಹೊತ್ತುಕೊಂಡು ಹೋಗಿ ಬೇರೆ ನೆಲದಲ್ಲಿ ನೆಡಲು ನೋಡಿದ ದೊಡ್ಡ ಸರಣಿಯಲ್ಲಿ ಕೆಂಗೇರಿಯೂ ಒಂದು ಕೊಂಡಿ.

ಆ ಸರಣಿಯ ಒಂದು ಹಳೆಯ ಕೊಂಡಿ ಅಮೆರಿಕದಲ್ಲಿದೆ. ಇಂಗ್ಲೆಂಡಿನ ದೊರೆ 1ನೇ ಜೇಮ್ಸ್‌ಗೆ ಹೊಗೆಸೊಪ್ಪು ಕಂಡರಾಗದು. ಅದರ ವಿರುದ್ಧ 1604ರಲ್ಲಿ ಪುಸ್ತಕವನ್ನೇ ಬರೆದವನು. ವರ್ಜೀನಿಯಕ್ಕೆ ಹೋಗಿ ನೆಲೆಸಿದ ತನ್ನ ಪ್ರಜೆಗಳು ಹೊಗೆಸೊಪ್ಪು ಬಿಟ್ಟು ರೇಷ್ಮೆ ಬೆಳೆಯಲಿ ಎಂಬುದು ಅವನ ಹಟ. 1619ರಲ್ಲಿ ಅಲ್ಲಿನ ಸಭೆ ಮಾಡಿದ ಮೊದಲ ಕಾಯಿದೆಗಳಲ್ಲೇ ಇದೂ ಇತ್ತು: ಪ್ರತಿ ನಿವಾಸಿಯೂ ಏಳು ವರ್ಷ ಕಾಲ ವರ್ಷಕ್ಕೆ ಕನಿಷ್ಠ ಆರು ಹಿಪ್ಪುನೇರಳೆ ಗಿಡ ನೆಟ್ಟು ಬೆಳೆಸಬೇಕು. ನೂರು ವರ್ಷ ಕಳೆದ ಮೇಲೆ, 1733ರಲ್ಲಿ, ಇನ್ನೂ ದಕ್ಷಿಣಕ್ಕೆ ಜಾರ್ಜಿಯ ವಸಾಹತು ಹುಟ್ಟಿದಾಗ ರೇಷ್ಮೆ ಅದರ ಮುದ್ರೆಗೇ ಏರಿತು. ವಸಾಹತನ್ನು ನಡೆಸುತ್ತಿದ್ದ ಧರ್ಮದರ್ಶಿಗಳ ಮೊಹರಿನ ಒಂದು ಮುಖದಲ್ಲಿ ಹಿಪ್ಪುನೇರಳೆ ಎಲೆ, ಹುಳು, ಗೂಡು. ಸುತ್ತ ‘ನಮಗಾಗಿ ಅಲ್ಲ, ಇತರರಿಗಾಗಿ’ ಎಂಬರ್ಥದ ಲ್ಯಾಟಿನ್ ಮಾತು. ಕೊಟ್ಟ ಜಮೀನಿನಲ್ಲಿ ಹಿಪ್ಪುನೇರಳೆ ಹಾಕಲೇಬೇಕೆಂಬ ಷರತ್ತು. ಹುಳು ಸಾಕಣೆ ಬಲ್ಲವರನ್ನು ಇಟಲಿಯ ಪೀಡ್‌ಮಾಂಟ್ ಸೀಮೆಯಿಂದ ಕರೆಸಿದರು. ಆಲ್ಪ್ಸ್ ತಪ್ಪಲಿನ ಆ ಸೀಮೆಯ ನೂಲು ಆಗ ಯುರೋಪಿನಲ್ಲೆಲ್ಲ ಮೇಲ್ದರ್ಜೆಯದು.

ಗಿಡ ನೆಡಿಸುವುದು ಕಾಯಿದೆಯಿಂದ ಆಗುವ ಕೆಲಸ. ಅಲ್ಲಿಂದ ಮುಂದಿನದು ಹಾಗಲ್ಲ. ಒಂದೊಂದಾಗಿ ನೋಡೋಣ.

ಮೊದಲು ಮೊಟ್ಟೆ. ರಾಗಿಕಾಳಿಗಿಂತ ಚಿಕ್ಕದು, ಹಾಳೆಗೆ ಅಂಟಿಕೊಂಡಿರುತ್ತದೆ. ಒಂದು ಹೆಣ್ಣು ಚಿಟ್ಟೆ 400ರಿಂದ 500 ಮೊಟ್ಟೆ ಇಡುತ್ತದೆ. ಒಂದು ಚಿಟ್ಟೆ ಇಟ್ಟ ಅಷ್ಟನ್ನೂ ಸೇರಿಸಿ ರೈತರು ಒಂದು ‘ಮೊಟ್ಟೆ’ ಎಂದೇ ಎಣಿಸುತ್ತಾರೆ. ‘ಈ ಸಲ ನೂರು ಮೊಟ್ಟೆ ಸಾಕಿದ್ದೀವಿ’ ಎಂದರೆ ಮನೆಯಲ್ಲಿ ನಲವತ್ತು ಸಾವಿರಕ್ಕೂ ಮೇಲ್ಪಟ್ಟು ಹುಳುಗಳಿವೆ ಎಂದು ತಿಳಿಯಬೇಕು. ನಮ್ಮಲ್ಲಿ ಹೆಚ್ಚು ಸಾಕುವ ಮಿಶ್ರತಳಿಯ ತಾಯಿ ಮೈಸೂರು ತಳಿ, ತಂದೆ ದ್ವಿತಳಿ. ಮೈಸೂರು ತಳಿ ವರ್ಷಕ್ಕೆ ಐದಾರು ಪೀಳಿಗೆ ಕಾಣುವ, ಬಿಸಿಲಿಗೆ ಬಗ್ಗದ ಹುಳು. ಆದರೆ ಅದರ ಗೂಡು ತೆಳು, ಎಳೆ 400 ಮೀಟರ್ ದಾಟುವುದು ಅಪರೂಪ. ದ್ವಿತಳಿ ಸ್ವಭಾವತಃ ವರ್ಷಕ್ಕೆ ಎರಡೇ ಪೀಳಿಗೆಯದು. ಸೂಕ್ಷ್ಮ, ಆದರೆ ಎಳೆ ಕಿಲೋಮೀಟರ್ ಉದ್ದ. ಎರಡನ್ನೂ ಕೂಡಿಸಿದರೆ ಅದರ ಗಟ್ಟಿತನ, ಇದರ ಇಳುವರಿ. ಮೈಸೂರು ತಳಿಯನ್ನು ಬೆರಕೆಯಾಗದಂತೆ ಉಳಿಸಿಕೊಂಡು ಬಂದಿರುವ ಬಿತ್ತನೆ ಸೀಮೆಗಳು ಬೆಂಗಳೂರಿಗೆ ದೂರವಿಲ್ಲ. ರಾಜಾಜಿನಗರ, ಬಸವೇಶ್ವರನಗರ ಒಂದು ಮಗ್ಗುಲಿಗೆ, ವಿಜಯನಗರ ಇನ್ನೊಂದು ಮಗ್ಗುಲಿಗೆ ಬರುವಂತೆ ಸಾಗುವ ಮಾಗಡಿ ರಸ್ತೆಯನ್ನೇ ಹಿಡಿದು ಹೋದರೆ ಮಾಗಡಿ, ಅದರಾಚೆ ಕುಣಿಗಲ್. ಈ ಎರಡೂ ಕಡೆ ರೈತರು ನೂಲಿಗಲ್ಲದೆ ಬಿತ್ತನೆಗೆಂದೇ ಗೂಡು ಬೆಳೆಯುತ್ತಾರೆ.

ಆ ಗೂಡುಗಳಿಂದ ಮೊಟ್ಟೆ ಪಡೆಯುವ ಬಿತ್ತನೆ ಕೋಠಿಯ ಕೆಲಸ ನೋಡಿದವರಿಗೆ ಅಚ್ಚರಿ ಹುಟ್ಟಿಸುವುದು ಅಲ್ಲಿನ ಅನುಮಾನ. ಚಿಟ್ಟೆಗಳು ಬೆಳಗಿನ ಜಾವ ಗೂಡು ಸೀಳಿ ಹೊರಬರುತ್ತವೆ, ಮೂರು ನಾಲ್ಕು ಗಂಟೆ ಕೂಡುತ್ತವೆ. ಆಮೇಲೆ ಪ್ರತಿ ಹೆಣ್ಣನ್ನೂ ಬೇರೆ ಬೇರೆ ಬಟ್ಟಲಿನಡಿ ಕೂರಿಸಿ ಮೊಟ್ಟೆ ಇಡಿಸುತ್ತಾರೆ. ಮೊಟ್ಟೆ ಇಟ್ಟಾದ ಮೇಲೆ ತಾಯಿಯನ್ನು ಅರೆದು ಅದರ ರಸವನ್ನು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಗಂಟು ರೋಗದ ಕಣ ಕಂಡರೆ ಅದರ ಮೊಟ್ಟೆಯಷ್ಟೂ ಬೆಂಕಿಗೆ. ಈ ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಹೊರನೋಟಕ್ಕೆ ಮೊಟ್ಟೆಯಲ್ಲಿ ಏನೂ ಗೊತ್ತಾಗದು. 1850ರ ದಶಕದಿಂದ ಇದು ಫ್ರಾನ್ಸ್, ಇಟಲಿಯ ಹುಳುಗಳನ್ನು ಊರೂರೇ ಖಾಲಿ ಮಾಡಿತು. ಅಲ್ಲಿನ ವ್ಯಾಪಾರಿಗಳು ರೋಗವಿಲ್ಲದ ಬಿತ್ತನೆ ಅರಸುತ್ತ ಜಪಾನಿನವರೆಗೂ ಹಡಗು ಹತ್ತಿದರು. ಲೂಯಿ ಪಾಶ್ಚರ್ 1865ರಲ್ಲಿ ಈ ರೋಗದ ಬೆನ್ನು ಹತ್ತಿ ಫ್ರಾನ್ಸಿನ ಅಲೆಸ್ ಎಂಬ ಊರಿಗೆ ಹೋದ. ತಾಯಿ ಚಿಟ್ಟೆಯನ್ನು ಅರೆದು ನೋಡುವ ಉಪಾಯವನ್ನು ಗಟ್ಟಿಯಾಗಿ ನಿಲ್ಲಿಸಿ ಪುಸ್ತಕ ಹೊರಡಿಸಿದ್ದು 1870ರಲ್ಲಿ. ಕೆಂಗೇರಿಯ ಉದ್ದಿಮೆ ಶುರುವಾದ ವರ್ಷ ಅವನಿನ್ನೂ ಪ್ರಯೋಗದ ನಡುವೆ ಇದ್ದ. ಡಿ ವೆಕ್ಕಿಗೆ ನಾಲ್ಕೈದು ವರ್ಷ ತಡವಾಗಿ ಬರುವ ಬುದ್ಧಿ ಇದ್ದಿದ್ದರೆ ಕೆಂಗೇರಿಯ ಹಣೆಬರಹ ಬೇರೆಯಾಗುತ್ತಿತ್ತೋ ಏನೋ.

ಮೊಟ್ಟೆ ಒಡೆಯಲು ಹತ್ತು ಹನ್ನೊಂದು ದಿನ. ಒಡೆಯುವ ಒಂದೆರಡು ದಿನ ಮುಂಚೆ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ ಮೂಡುತ್ತದೆ: ಮರಿಯ ತಲೆ. ಆ ಗುರುತು ಕಂಡೊಡನೆ ಹಾಳೆಗಳನ್ನು ಕತ್ತಲಲ್ಲಿ ಮುಚ್ಚಿಡುತ್ತಾರೆ. ಮುಂದೆ ಹೋಗಬೇಕೆಂದಿದ್ದ ಮರಿಗಳು ತಡೆದು ನಿಲ್ಲುತ್ತವೆ, ಹಿಂದುಳಿದವು ಬಂದು ಸೇರುತ್ತವೆ. ಸರಿಯಾದ ಬೆಳಿಗ್ಗೆ ಬೆಳಕಿಗೆ ತೆರೆದರೆ ಎಲ್ಲವೂ ಒಟ್ಟಿಗೆ ಹೊರಬರುತ್ತವೆ. ಒಟ್ಟಿಗೆ ಹುಟ್ಟಿದರೆ ಒಟ್ಟಿಗೆ ತಿಂದು ಒಟ್ಟಿಗೆ ಮಲಗಿ ಒಟ್ಟಿಗೆ ಗೂಡು ಕಟ್ಟುತ್ತವೆ. ಹುಟ್ಟಿನಲ್ಲಿ ಒಂದು ದಿನದ ಹೆಚ್ಚುಕಡಿಮೆಯಾದರೆ ತಿಂಗಳಿಡೀ ಮನೆಯವರಿಗೆ ಎರಡು ಬಗೆಯ ಚಾಕರಿ. ಯುರೋಪಿನಲ್ಲಿ ಈ ಕಾವಿನ ಕೆಲಸ ಹೆಂಗಸರ ಮೈಮೇಲೇ ನಡೆಯುತ್ತಿತ್ತು. ಮೊಟ್ಟೆಯನ್ನು ಪುಟ್ಟ ಚೀಲದಲ್ಲಿ ಹಾಕಿ ಎದೆಯ ಬಳಿ ಉಡುಪಿನೊಳಗೆ ಕಟ್ಟಿಕೊಂಡು, ಮೈಬಿಸಿಯಲ್ಲೇ ಮರಿ ಮಾಡಿಸುತ್ತಿದ್ದರು.

ಮೊದಲ ಎರಡು ಹಂತದ ಮರಿಗಳಿಗೆ ಚಾಕಿ ಹುಳು ಎಂದು ಹೆಸರು. ಅವಕ್ಕೆ ಕುಡಿಯ ಎಳೆ ಸೊಪ್ಪನ್ನೇ ಆರಿಸಿ ಸಣ್ಣದಾಗಿ ಹೆಚ್ಚಿ ಹಾಕಬೇಕು. ಬಿಸಿ 27, 28 ಡಿಗ್ರಿಯಲ್ಲಿ ನಿಲ್ಲಬೇಕು, ಗಾಳಿಯಲ್ಲಿ ತೇವ ಸಾಕಷ್ಟಿರಬೇಕು. ಇದು ಎಷ್ಟು ನಾಜೂಕೆಂದರೆ ಈಗ ಬಹಳಷ್ಟು ರೈತರು ಚಾಕಿಯನ್ನು ತಾವೇ ಮಾಡದೆ ಚಾಕಿ ಕೇಂದ್ರಗಳಿಂದ ಎರಡನೇ ಜ್ವರ ಕಳೆದ ಹುಳುಗಳನ್ನೇ ತರುತ್ತಾರೆ. ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಕಳಚುವ ಹೊತ್ತು. ಹುಳು ತಿನ್ನುವುದು ನಿಲ್ಲಿಸಿ, ತಲೆ ಎತ್ತಿ, ಒಂದು ದಿನದಷ್ಟು ಕಾಲ ಅಲುಗಾಡದೆ ಕೂರುತ್ತದೆ. ಅದರ ಬಾಳಿನಲ್ಲಿ ನಾಲ್ಕು ಜ್ವರ, ಐದು ಹಂತ. ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಅಲುಗಿಸಬಾರದು. ಹಾಸಿಗೆಯ ಮೇಲೆ ಸುಣ್ಣದ ಪುಡಿ ಎರಚಿ ಒಣಗಿಸಬೇಕು. ಮೊದಲು ಎದ್ದ ಹುಳು ಹಸಿದು ತಲೆಯಾಡಿಸಿದರೂ ಮನಸ್ಸು ಗಟ್ಟಿ ಮಾಡಿಕೊಂಡು ಸುಮ್ಮನಿರಬೇಕು. ಹೆಚ್ಚುಕಡಿಮೆ ಎಲ್ಲವೂ ಎದ್ದ ಮೇಲೆಯೇ ಸೊಪ್ಪು. ಅನುಭವಿ ರೈತ ಮಹಿಳೆಯರು ಹಾಸಿಗೆಯ ಮೇಲೆ ಒಮ್ಮೆ ಕಣ್ಣಾಡಿಸಿ ‘ಇನ್ನೂ ಎರಡು ಗಂಟೆ ಬಿಡಿ’ ಎನ್ನುವುದು ಈ ಎಣಿಕೆಯಿಂದಲೇ.

ನಾಲ್ಕನೇ ಜ್ವರ ಕಳೆದರೆ ಮನೆಯಲ್ಲಿ ನಿದ್ದೆಯಿಲ್ಲ. ಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಈ ಕೊನೆಯ ವಾರದಲ್ಲೇ ತಿನ್ನುತ್ತದೆ. ನೂರು ಮೊಟ್ಟೆಗೆ ಒಟ್ಟು ಒಂದು ಟನ್‌ಗೆ ಹತ್ತಿರ ಸೊಪ್ಪು ಬೇಕು. ಹುಟ್ಟಿದಾಗ ಇದ್ದ ತೂಕ ಸುಮಾರು 25 ದಿನದಲ್ಲಿ ಹತ್ತು ಸಾವಿರ ಪಟ್ಟಾಗುತ್ತದೆ. ಹಿಂದೆ ತಟ್ಟೆಗಳಲ್ಲಿ ಬಿಡಿ ಎಲೆ ಹಾಕುತ್ತಿದ್ದರು. ಈಗ ಅಟ್ಟಣಿಗೆಗಳ ಮೇಲೆ ಕಡ್ಡಿ ಸಮೇತ ಸೊಪ್ಪು ಹಾಸುತ್ತಾರೆ. ಕೆಲಸ ಹಗುರಾಗಿದೆ, ಆದರೂ ತೋಟದಿಂದ ಕೊಯ್ದು, ಹೊತ್ತು ತಂದು, ಬಾಡದಂತೆ ಒದ್ದೆ ಗೋಣಿಯಡಿ ಇಟ್ಟು, ಹಗಲೂ ಇರುಳೂ ಹಾಕುವುದು ತಪ್ಪಿಲ್ಲ. ಸಪ್ಪೆ ರೋಗ, ಹಾಲುತೊಂಡೆ, ಸುಣ್ಣಕಟ್ಟು – ಹೆಸರುಗಳೇ ಲಕ್ಷಣ ಹೇಳುತ್ತವೆ – ಬಂದರೆ ಬರುವುದು ಸಾಮಾನ್ಯವಾಗಿ ಈ ವಾರದಲ್ಲೇ, ಬಂಡವಾಳವೆಲ್ಲ ಹೂಡಿದ ಮೇಲೆ. 1980ರಿಂದ ಊಜಿ ನೊಣವೂ ಸೇರಿಕೊಂಡಿದೆ. ಹುಳುವಿನ ಮೈಮೇಲೆ ಮೊಟ್ಟೆಯಿಡುವ ಈ ನೊಣ ಕರ್ನಾಟಕಕ್ಕೆ ಬಂದದ್ದು ಬಂಗಾಳದಿಂದ. ಟಿಪ್ಪುವಿನ ಬಿತ್ತನೆ ಬಂದ ದಾರಿಯೇ. ಹುಳುಮನೆಯ ಕಿಟಕಿಗಳಿಗೆಲ್ಲ ಬಲೆ ಬಿಗಿದಿರುವುದು ಇದಕ್ಕಾಗಿ.

ವರ್ಜೀನಿಯದಲ್ಲಿ ಏನಾಯಿತೆಂದು ಈಗ ಊಹಿಸಬಹುದು. ಅಲ್ಲಿ ವಸಂತದಲ್ಲಿ ಒಂದೇ ಬೆಳೆ. ಮರ ಚಿಗುರಿದೊಡನೆ ಮೊಟ್ಟೆ ಒಡೆಸಬೇಕು. ಮರಿ ಬಂದ ಮೇಲೆ ತಡವಾಗಿ ಒಂದು ಹಿಮ ಬಿದ್ದು ಚಿಗುರು ಸುಟ್ಟರೆ ಆ ವರ್ಷದ ಹುಳುವಿಗೆ ಅನ್ನವಿಲ್ಲ. ಆ ನಾಡಿನಲ್ಲಿ ತಾನೇ ಬೆಳೆಯುವ ಕೆಂಪು ಹಿಪ್ಪುನೇರಳೆಯ ಎಲೆ ಒರಟು. ಹುಳುವಿಗೆ ಒಗ್ಗುವುದು ಏಷ್ಯದ ಬಿಳಿ ಹಿಪ್ಪುನೇರಳೆ. ಹುಳು ಹಣ್ಣಾಗುವ ಆ ತಿಂಗಳೇ ಹೊಗೆಸೊಪ್ಪಿನ ಸಸಿ ನೆಡುವ, ಹೊಲ ಹಸನು ಮಾಡುವ ತಿಂಗಳು. ಹೊಸದಾಗಿ ಕಾಡು ಕಡಿದು ಮರದ ಮನೆ ಕಟ್ಟಿಕೊಂಡ ಕುಟುಂಬದಲ್ಲಿ ಇರುವುದೇ ನಾಲ್ಕು ಜೊತೆ ಕೈ. ಅವು ಯಾವ ಕಡೆ ತಿರುಗಿಯಾವು? ಹೊಗೆಸೊಪ್ಪಿಗೆ ಹಡಗು ಕಾದು ನಿಂತಿರುತ್ತಿತ್ತು, ರೇಷ್ಮೆಗೆ ದೊರೆಯ ಹಾರೈಕೆಯೊಂದೇ. ಹೊಗೆಸೊಪ್ಪಿನ ವಿಷ ತಾಗಿದ ಹಿಪ್ಪುನೇರಳೆ ತಿಂದರೆ ಹುಳು ಸಾಯುತ್ತದೆ ಎಂಬುದು ಇಂದು ನಮ್ಮ ರೈತರಿಗೆಲ್ಲ ಗೊತ್ತು. ಎರಡನ್ನೂ ಅಕ್ಕಪಕ್ಕ ಬೆಳೆಯುವುದಿಲ್ಲ. ಜೇಮ್ಸ್ ದೊರೆಗೆ ಇದು ತಿಳಿದಿದ್ದರೆ ತನ್ನ ಪುಸ್ತಕಕ್ಕೆ ಇನ್ನೊಂದು ಅಧ್ಯಾಯ ಸೇರಿಸುತ್ತಿದ್ದನೇನೊ.

ಹುಳು ಹಣ್ಣಾಗುವುದೆಂದರೆ ತಿನ್ನುವುದು ಬಿಟ್ಟು, ಮೈ ಕುಗ್ಗಿ, ಬೆಳಕಿಗೆ ಹಿಡಿದರೆ ಒಳಗೆ ಹೊಳಪು ಕಾಣುವುದು. ಆಗ ಅದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಬಿದಿರಿನ ಚಾಪೆ. ಅದರ ಮೇಲೆ ಬಿದಿರಿನದೇ ತೆಳು ಪಟ್ಟಿಯನ್ನು ಸುತ್ತುಸುತ್ತಾಗಿ ನಿಲ್ಲಿಸಿ ಹೊಲಿದಿರುತ್ತಾರೆ. ಪಟ್ಟಿಗಳ ನಡುವಿನ ಸಂದು ಹುಳುವಿಗೆ ಗೂಡು ಕಟ್ಟಲು ಬೇಕಾದಷ್ಟೇ ಅಗಲ. ಮೇದರ ಕೈಯ ಈ ಅಂದಾಜು ತಪ್ಪಿದರೆ ಒಂದೇ ಸಂದಿನಲ್ಲಿ ಎರಡು ಹುಳು ಸೇರಿ ಜೋಡಿಗೂಡು ಕಟ್ಟಿಬಿಡುತ್ತವೆ. ಈಚೆಗೆ ಪ್ಲಾಸ್ಟಿಕ್ಕಿನ ನೇತ್ರಿಕೆಯೂ ಬಂದಿದೆ. ಹುಳುವಿನ ತುಟಿಯ ಕೆಳಗಿರುವ ಸಣ್ಣ ರಂಧ್ರದಿಂದ ಎರಡು ಗ್ರಂಥಿಗಳ ದ್ರವ ಒಟ್ಟಿಗೆ ಹೊರಬಂದು ಗಾಳಿಗೆ ಗಟ್ಟಿಯಾಗುತ್ತದೆ. ಹಾಗಾಗಿ ಒಂದು ಎಳೆ ಎಂದು ನಾವು ಕರೆಯುವುದು ನಿಜವಾಗಿ ಅಂಟಿನ ಹೊದಿಕೆಯೊಳಗಿನ ಜೋಡಿ ಎಳೆ. ತಲೆಯನ್ನು ಎಂಟರ ಅಂಕಿಯ ಆಕಾರದಲ್ಲಿ ತಿರುಗಿಸುತ್ತ ಹುಳು ಒಳಗಿನಿಂದ ಗೋಡೆ ಕಟ್ಟುತ್ತದೆ. ಮೊದಲ ಪದರ ಹೊರಗಿನದು, ಕೊನೆಯದು ಒಳಗಿನದು. ಬಿಚ್ಚುವವರಿಗೆ ಇದೇ ಅನುಕೂಲ: ಅದು ಎಲ್ಲಿ ಶುರುಮಾಡಿತೋ ಅಲ್ಲಿಂದಲೇ ಇವರೂ ಶುರುಮಾಡುತ್ತಾರೆ.

ಚಂದ್ರಿಕೆಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ. ಕೆಂಗೇರಿಯನ್ನು ಬಿಟ್ಟು ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ರಾಮನಗರ. ಅಲ್ಲಿನ ಗೂಡಿನ ಮಾರುಕಟ್ಟೆ ಏಷ್ಯದಲ್ಲೇ ದೊಡ್ಡದೆಂದು ಹೆಸರಾದದ್ದು. ಹರಾಜು ಈಗ ಫೋನಿನಲ್ಲಿ ನಡೆಯುತ್ತದೆ. ಆದರೆ ಬೆಲೆ ಕೂಗುವ ಮುನ್ನ ನೂಲು ಬಿಚ್ಚಿಸುವ ರೀಲರ್ ರಾಶಿಯೊಳಗೆ ತೋಳು ಹೊಗಿಸಿ ತಳದ ಗೂಡನ್ನೇ ಎತ್ತುತ್ತಾನೆ. ಕಿವಿಯ ಬಳಿ ಅಲ್ಲಾಡಿಸುತ್ತಾನೆ: ಹುಳು ಒಳಗೆ ಕೋಶವಾಗಿ, ಗಟ್ಟಿಯಾಗಿ, ಗೋಡೆಗೆ ಬಡಿದ ಸದ್ದು ಬಂದರೆ ಗೂಡು ಮಾಗಿದೆ, ಸದ್ದಿಲ್ಲದಿದ್ದರೆ ಹುಳು ಒಳಗೇ ಸತ್ತು ಅಂಟಿರಬಹುದು. ಒತ್ತಿ ನೋಡಿ ಸಿಪ್ಪೆಯ ದಪ್ಪ ಅಳೆಯುತ್ತಾನೆ, ಕಲೆ ಎಣಿಸುತ್ತಾನೆ. ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬಂದೀತು ಎಂಬ ಲೆಕ್ಕ ಅಷ್ಟರಲ್ಲಿ ಅವನ ತಲೆಯಲ್ಲಿ ಮುಗಿದಿರುತ್ತದೆ. ಒಳ್ಳೆಯ ಮಿಶ್ರತಳಿಗೆ ಏಳೆಂಟು ಕಿಲೋ, ದ್ವಿತಳಿಗೆ ಆರರ ಸುತ್ತ. ಅರ್ಧ ಕಿಲೋ ಎಣಿಕೆ ತಪ್ಪಿದರೂ ಅಂದಿನ ಲಾಭ ಹೋಯಿತು.

ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಹೊರಬರುತ್ತದೆ. ಬರುವಾಗ ಗೋಡೆ ತೂತಾಗಿ ಎಳೆ ನೂರಾರು ತುಂಡಾಗುತ್ತದೆ. ಅದಕ್ಕೆ ಮೊದಲೇ ಹಬೆಯಲ್ಲೋ ಬಿಸಿಗಾಳಿಯಲ್ಲೋ ಕೋಶವನ್ನು ಕೊಲ್ಲಬೇಕು. ಈ ಕಸುಬಿನ ಕಹಿ ಭಾಗ ಇದು. ಅದನ್ನು ಮರೆಮಾಚಿ ರೇಷ್ಮೆಯ ಬಗ್ಗೆ ಬರೆಯುವುದು ಸರಿಯಲ್ಲ.

ಇನ್ನು ತೊಟ್ಟಿ. ಚರಕ ಎಂದು ಕರೆಯುವ ಹಳೆಯ ಸಾಧನದಲ್ಲಿ ಒಲೆಯ ಮೇಲೆ ಕೂರಿಸಿದ ಒಂದು ಅಗಲವಾದ ಪಾತ್ರೆ, ಅದರಾಚೆ ಕೈಯಿಂದ ತಿರುಗಿಸುವ ದೊಡ್ಡ ರಾಟೆ. ಗೂಡು ಬೇಯುವುದೂ ನೂಲು ಬಿಚ್ಚುವುದೂ ಒಂದೇ ನೀರಿನಲ್ಲಿ, ಕುದಿಯ ಹತ್ತಿರದ ಬಿಸಿಯಲ್ಲಿ. ಕಾಟೇಜ್ ಬೇಸಿನ್ ಎಂಬ ಸುಧಾರಿಸಿದ ಸಾಧನದಲ್ಲಿ ಬೇಯಿಸುವ ತೊಟ್ಟಿಯೇ ಬೇರೆ. ಬಿಚ್ಚುವ ನೀರು ಕೈ ತಡೆಯುವಷ್ಟು ಬಿಸಿ. ಬೇಯಿಸುವುದರಲ್ಲೇ ಅರ್ಧ ವಿದ್ಯೆ ಇದೆ. ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಮೆತ್ತಗಾಗಬೇಕು, ಕರಗಿ ಹೋಗಬಾರದು. ಕಮ್ಮಿ ಬೆಂದರೆ ಎಳೆ ಬಿಡದೆ ಹರಿಯುತ್ತದೆ. ಹೆಚ್ಚು ಬೆಂದರೆ ಪದರ ಪದರವೇ ಕಳಚಿ ಮುದ್ದೆಯಾಗಿ ಮೇಲೆ ಬರುತ್ತದೆ. ಹದ ಸಿಕ್ಕಿದ ಗೂಡು ನೀರಿನಲ್ಲಿ ತೇಲುವುದೂ ಇಲ್ಲ, ತಳ ಸೇರುವುದೂ ಇಲ್ಲ; ಅರೆಮುಳುಗಿ ನಿಲ್ಲುತ್ತದೆ. ಅದನ್ನು ಕಂಡ ಕೂಡಲೇ ಪೊರಕೆಕಡ್ಡಿಯ ಕಟ್ಟಿನಿಂದ ಗೂಡುಗಳ ಮೇಲೆ ಮೆಲ್ಲನೆ ಆಡಿಸುತ್ತಾರೆ. ಹೊರಗಿನ ಜಾಳು ನೂಲು ಕಡ್ಡಿಗೆ ಸಿಕ್ಕಿ ಬರುತ್ತದೆ. ಎಳೆಯುತ್ತ ಹೋದಂತೆ ಆ ಜಾಳು ತೆಳುವಾಗಿ, ಒಂದು ಗೂಡಿನಿಂದ ಒಂದೇ ಎಳೆ ಬರುವ ಘಳಿಗೆ ಬರುತ್ತದೆ. ತುದಿ ಸಿಕ್ಕಿದ್ದು ಆಗ.

ಒಂದು ಗೂಡಿನ ಎಳೆ ನೇಯ್ಗೆಗೆ ಬಾರದಷ್ಟು ಸಣ್ಣದು. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್ ಎಂಬುದು ಅಳತೆ. ಗೂಡಿನ ಒಂದೇ ಎಳೆ ಎರಡು ಮೂರು ಡೆನಿಯರ್. ಸೀರೆಗೆ ಬಳಸುವ ನೂಲಿಗೆ 20ರಿಂದ 22 ಬೇಕು. ಹಾಗಾಗಿ ಎಂಟು ಹತ್ತು ಗೂಡುಗಳ ತುದಿಗಳನ್ನು ಸೇರಿಸಿ, ಒಂದು ಸಣ್ಣ ತೂತಿನ ಮೂಲಕ ಹಾಯಿಸಿ ಮೇಲೆ ಒಯ್ಯುತ್ತಾರೆ. ಇಷ್ಟೇ ಆಗಿದ್ದರೆ ಎಣಿಸಲು ಬಂದವರೆಲ್ಲ ಮಾಡಬಹುದಿತ್ತು. ತೊಡಕೆಂದರೆ ಎಳೆ ಉದ್ದಕ್ಕೂ ಒಂದೇ ದಪ್ಪವಿರುವುದಿಲ್ಲ. ಒಳಗೆ ಹೋದಷ್ಟೂ ಸಣ್ಣ. ಹತ್ತು ಗೂಡನ್ನು ಒಟ್ಟಿಗೆ ಶುರುಮಾಡಿ ಒಟ್ಟಿಗೆ ಮುಗಿಸಿದರೆ ನೂಲು ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ತೆಳು. ಆದ್ದರಿಂದ ಬಿಚ್ಚುವಾಕೆ ತನ್ನ ಮುಂದಿನ ಗೂಡುಗಳಲ್ಲಿ ಹೊಸದು ಇಷ್ಟು, ಅರ್ಧ ಕರಗಿದ್ದು ಇಷ್ಟು, ಮುಗಿಯುತ್ತ ಬಂದದ್ದು ಇಷ್ಟು ಎಂದು ಸದಾ ಬೆರಕೆ ಕಾಯ್ದುಕೊಳ್ಳುತ್ತಾಳೆ. ಗೋಡೆ ತೆಳುವಾಗಿ ಒಳಗಿನ ಕಪ್ಪು ಕೋಶ ಕಾಣತೊಡಗಿದರೆ ಆ ಗೂಡು ಮುಗಿಯುತ್ತಿದೆ ಎಂದರ್ಥ. ಮುಗಿಯಿತೋ, ಹರಿಯಿತೋ, ಹೊಸ ಗೂಡಿನ ತುದಿಯನ್ನು ಬೆರಳಿಂದ ಓಡುವ ನೂಲಿನತ್ತ ಚಿಮ್ಮುತ್ತಾಳೆ. ಗಂಟು ಹಾಕುವುದಿಲ್ಲ. ಒದ್ದೆ ಅಂಟೇ ಅದನ್ನು ಹಿಡಿದುಕೊಳ್ಳುತ್ತದೆ. ರಾಟೆ ನಿಲ್ಲುವುದೂ ಇಲ್ಲ. ಹೊಗೆ, ಹಬೆ, ಬೆಂದ ಕೋಶದ ವಾಸನೆಯ ನಡುವೆ, ಬಿಸಿನೀರಿಗೆ ಚರ್ಮ ಸುಲಿದ ಬೆರಳುಗಳಿಂದ ದಿನವಿಡೀ ನಡೆಯುವ ಕೆಲಸ ಇದು. ನೂಲಿನ ದಪ್ಪ ಒಂದೇ ಸಮ ಬಂದರೆ ಯಾರೂ ಗಮನಿಸುವುದಿಲ್ಲ. ತಪ್ಪಿದರೆ ಬಟ್ಟೆಯಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ.

ಪೀಡ್‌ಮಾಂಟಿನವರು ಹೆಸರು ಮಾಡಿದ್ದು ಇಲ್ಲೇ. ತೊಟ್ಟಿಯಿಂದ ಮೇಲೇರುವ ಎರಡು ನೂಲುಗಳನ್ನು ದಾರಿಯಲ್ಲಿ ಒಂದರ ಸುತ್ತ ಒಂದು ಹಲವು ಸುತ್ತು ಹೆಣೆದು, ಮತ್ತೆ ಬೇರ್ಪಡಿಸಿ ರಾಟೆಗೆ ಒಯ್ಯುತ್ತಿದ್ದರು. ಹೆಣೆದಲ್ಲಿ ಉಜ್ಜಿಕೊಂಡು ನೀರು ಹಿಂಡಿಹೋಗುತ್ತದೆ, ಎಳೆಗಳು ಒತ್ತಿಕೊಂಡು ನೂಲು ದುಂಡಗಾಗುತ್ತದೆ. ತೊಟ್ಟಿಗೂ ರಾಟೆಗೂ ನಡುವೆ ನೂಲು ಆರುವಷ್ಟು ದೂರ. ಸುತ್ತಿದ ಮೇಲೆ ಒಂದಕ್ಕೊಂದು ಅಂಟದಂತೆ ನೂಲನ್ನು ಅತ್ತಿತ್ತ ಸರಿಸುವ ಕಡ್ಡಿ. ಇದನ್ನೆಲ್ಲ ಆ ಸಂಸ್ಥಾನ ಕಾನೂನಿನಲ್ಲೇ ಬರೆದಿಟ್ಟಿತ್ತು. ಇಂದಿನ ಬೇಸಿನ್ನುಗಳಲ್ಲೂ ಅಂಥದೇ ಹೆಣಿಗೆ, ಅಂಥದೇ ಸರಿಕಡ್ಡಿ.

ಜಾರ್ಜಿಯದ ಸವಾನಾ ಊರಿಗೆ ಈ ವಿದ್ಯೆ ತಂದವರಲ್ಲಿ ಮೇರಿ ಕ್ಯಾಮ್ಯೂಸ್ ಎಂಬ ಪೀಡ್‌ಮಾಂಟಿನ ಹೆಂಗಸು ಮುಖ್ಯಳು. ಊರ ಹುಡುಗಿಯರಿಗೆ ಕಲಿಸಲೆಂದು ಧರ್ಮದರ್ಶಿಗಳು ಅವಳಿಗೆ ಸಂಬಳ ಕೊಟ್ಟರು. ಅವಳು ಕಲಿಸುವುದಿಲ್ಲ, ಗುಟ್ಟು ಬಿಡುವುದಿಲ್ಲ ಎಂದು ವರ್ಷಗಟ್ಟಲೆ ದೂರಿದರು. ಅವಳ ಮೇಲೆ ಸಿಟ್ಟಾಗುವುದು ಕಷ್ಟ. ಕೊಟ್ಟರೆ ಮುಗಿದುಹೋಗುವ ಒಂದೇ ಆಸ್ತಿ ಅವಳ ಬೆರಳಲ್ಲಿತ್ತು. ಕೊನೆಗೆ ಚೆನ್ನಾಗಿ ಕಲಿತವರು ನದಿಯ ಮೇಲ್ಭಾಗದ ಎಬೆನೆಜರ್ ಹಳ್ಳಿಯವರು. ಇಂದಿನ ಆಸ್ಟ್ರಿಯದ ಸಾಲ್ಜ್‌ಬರ್ಗ್‌ನಿಂದ ಮತದ ಕಾರಣಕ್ಕೆ ಹೊರದೂಡಲ್ಪಟ್ಟು 1734ರಲ್ಲಿ ಬಂದ ಜರ್ಮನ್ ಮಾತಿನ ಕುಟುಂಬಗಳು ಅವು. ಪಾದ್ರಿ ಬೋಲ್ಟ್ಸಿಯಸ್ ಮುಂದೆ ನಿಂತು ಹಿಪ್ಪುನೇರಳೆ ನೆಡಿಸಿದ, ವಿಧವೆಯರೂ ಹುಡುಗಿಯರೂ ಹುಳು ಸಾಕಿ ನೂಲು ಬಿಚ್ಚಿದರು. ಸವಾನಾದಲ್ಲಿ 1751ರ ಹೊತ್ತಿಗೆ ನೂಲು ಬಿಚ್ಚುವ ಒಂದು ದೊಡ್ಡ ಮನೆಯೇ ಎದ್ದಿತು. ಆದರೆ ಅದೇ ವರ್ಷ ಜಾರ್ಜಿಯದಲ್ಲಿ ಗುಲಾಮಗಿರಿಯ ಮೇಲಿದ್ದ ತಡೆ ತೆರವಾಯಿತು. ಗುಲಾಮರ ದುಡಿಮೆಯ ಮೇಲೆ ಭತ್ತ ಮತ್ತು ನೀಲಿಯ ಬೆಳೆ ಹಬ್ಬಿತು. ವರ್ಷಕ್ಕೆ ಆರು ವಾರ ಬೆರಳು ಸುಟ್ಟುಕೊಳ್ಳುವ ಕೆಲಸ ಯಾರಿಗೂ ಬೇಡವಾಯಿತು. ಸರ್ಕಾರದ ಸಹಾಯಧನ ಇಳಿದೊಡನೆ ತೊಟ್ಟಿಗಳು ಆರಿದವು. 1791ರ ಮೇ ತಿಂಗಳಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸವಾನಾಕ್ಕೆ ಬಂದಾಗ ಅವನ ಗೌರವಾರ್ಥ ನೃತ್ಯಕೂಟ ನಡೆದದ್ದು ಆ ಊರಿನ ನೂಲುಮನೆಯ ಉದ್ದ ಕೋಣೆಯಲ್ಲಿ. ಹತ್ತು ವರ್ಷದ ಹಿಂದೆ ಯಾರ್ಕ್‌ಟೌನ್‌ನಲ್ಲಿ ಅವನಿಗೆ ಸೋತು ಸೈನ್ಯ ಒಪ್ಪಿಸಿದ್ದ ಕಾರ್ನ್‌ವಾಲಿಸ್ ಎರಡು ತಿಂಗಳ ಹಿಂದಷ್ಟೇ ಬೆಂಗಳೂರು ಕೋಟೆ ಹಿಡಿದು, ರೇಷ್ಮೆ ನೆಡಿಸಿದ ಟಿಪ್ಪುವಿನ ಮೇಲೆ ಶ್ರೀರಂಗಪಟ್ಟಣದತ್ತ ಹೊರಟಿದ್ದ.

ಟಿಪ್ಪು ಹೋದ, ಹುಳು ಉಳಿಯಿತು. ನನ್ನ ಲೆಕ್ಕದಲ್ಲಿ ಕಾರಣ ಸರಳ: ಈ ಸೀಮೆಯಲ್ಲಿ ಹಿಪ್ಪುನೇರಳೆ ವರ್ಷವಿಡೀ ಚಿಗುರುತ್ತದೆ, ಬೆಳೆ ಐದಾರು ಸಲ ಬರುತ್ತದೆ, ಹಾಗಾಗಿ ಬಿಚ್ಚುವ ಬೆರಳಿಗೆ ಮರೆಯಲು ಪುರಸೊತ್ತೇ ಇಲ್ಲ. ಎಬೆನೆಜರ್‌ನ ಹುಡುಗಿ ಒಂದು ವಸಂತದಲ್ಲಿ ಕಲಿತದ್ದನ್ನು ಮುಂದಿನ ವಸಂತದವರೆಗೆ ನೆನಪಿಟ್ಟುಕೊಳ್ಳಬೇಕಿತ್ತು. ಚನ್ನಪಟ್ಟಣದ, ಶಿಡ್ಲಘಟ್ಟದ ಚರಕದ ಮುಂದೆ ಕೂತವಳಿಗೆ ನಾಳೆಯೂ ಅದೇ ಕೆಲಸ. ಡಿ ವೆಕ್ಕಿ ಹೋದ ಮೇಲೂ ಹೊರಗಿನವರು ಬರುತ್ತಲೇ ಇದ್ದರು. 19ನೇ ಶತಮಾನದ ಕೊನೆಗೆ ಜಮ್‌ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ತಜ್ಞರನ್ನಿಟ್ಟುಕೊಂಡು ಸಿಲ್ಕ್ ಫಾರ್ಮ್ ಮಾಡಿದರು. ಆ ಹೆಸರು ಬಡಾವಣೆಯಾಗಿ ಉಳಿದಿದೆ. ಮೈಸೂರು ಸರ್ಕಾರ 1912ರಲ್ಲಿ ನೇಯ್ಗೆ ಕಾರ್ಖಾನೆ ತೆರೆದು, ಬಳಿಕ ಇಟಲಿಯಿಂದ ಇನ್ನೊಬ್ಬ ತಜ್ಞನನ್ನು ಕರೆಸಿತು. ಅವನ ಹೆಸರು ವಾಷಿಂಗ್ಟನ್ ಮಾರಿ. ವಿದೇಶಿ ತಳಿಯ ಜೊತೆ ಮೈಸೂರು ತಳಿಯ ಬೆರಕೆ, ಪರೀಕ್ಷೆ ಮಾಡಿದ ಬಿತ್ತನೆ – ಇವೆರಡೂ ಊರೂರಿಗೆ ಹೋಗಲು ದಾರಿಯಾದದ್ದು ಆ ದಿನಗಳಿಂದ. ಕೆಂಗೇರಿಯಿಂದ ಸ್ವಲ್ಪವೇ ದೂರದ ತಲಘಟ್ಟಪುರದಲ್ಲಿ ಇಂದು ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಅದೇ ಕೆಲಸ ಮುಂದುವರಿಸುತ್ತಿದೆ.

ರಾಟೆಗೆ ಸುತ್ತಿದ ನೂಲನ್ನು ಮತ್ತೊಮ್ಮೆ ದೊಡ್ಡ ರಾಟೆಗೆ ಸುತ್ತಿ, ಒಣಗಿಸಿ, ಲಡಿ ಕಟ್ಟುತ್ತಾರೆ. ಲಡಿ ಹುರಿ ಕಾರ್ಖಾನೆಗೆ ಹೋಗಿ ತಿರುಚಿಕೊಳ್ಳುತ್ತದೆ. ಸಾಬೂನು ನೀರಿನಲ್ಲಿ ಬೆಂದು ಅಂಟು ಕಳೆದುಕೊಂಡಾಗ ತೂಕದ ಕಾಲುಭಾಗ ಹೋಗಿ ಹೊಳಪು ಬರುತ್ತದೆ. ಬಿಚ್ಚಾಣಿಕೆಯಲ್ಲಿ ಏನೂ ದಂಡವಾಗುವುದಿಲ್ಲ. ಕಡ್ಡಿಗೆ ಸಿಕ್ಕ ಜಾಳು ನೂಲೂ ಬಿಚ್ಚಲಾರದ ಒಳಪೊರೆಯೂ ಹಿಂಜಿ ನೂಲುವ ಗಿರಣಿಗೆ. ಕೋಶ ಎಣ್ಣೆಗೆ, ಮೀನಿನ ಮೇವಿಗೆ, ಗೊಬ್ಬರಕ್ಕೆ. ರಾಮನಗರದಂಥ ಕಡೆ ಈಗ ಸ್ವಯಂಚಾಲಿತ ಯಂತ್ರಗಳು ಬಂದಿವೆ. ನೂಲು ತೆಳುವಾದದ್ದನ್ನು ಯಂತ್ರವೇ ತಿಳಿದು ಹೊಸ ಗೂಡನ್ನು ಸೇರಿಸುತ್ತದೆ. ನೂಲು ತುಂಡಾದರೆ ಮಾತ್ರ ಮನುಷ್ಯರ ಕೈ. ಆದರೆ ಅದಕ್ಕೆ ಒಂದೇ ಅಳತೆಯ, ಕಲೆಯಿಲ್ಲದ ದ್ವಿತಳಿ ಗೂಡೇ ಬೇಕು. ಕಲೆಗೂಡು, ತೆಳುಗೂಡು, ಆಕಾರ ಕೆಟ್ಟದ್ದು ಚರಕಕ್ಕೇ ಬರುತ್ತವೆ. ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡನ್ನು ಬೇರೆಯಾಗಿಯೇ ಬಿಚ್ಚಬೇಕು. ಎರಡು ಎಳೆ ಒಂದರೊಳಗೊಂದು ಸಿಕ್ಕಿಕೊಂಡಿರುವುದರಿಂದ ನೂಲು ಅಲ್ಲಲ್ಲಿ ಉಬ್ಬುತ್ತದೆ. ಅದನ್ನು ಸರಿಪಡಿಸಲು ಯಾರೂ ಹೋಗುವುದಿಲ್ಲ. ಡುಪಿಯಾನ್ ಎಂಬ ಹೆಸರಿನಲ್ಲಿ ಆ ಉಬ್ಬಿಗೇ ಗಿರಾಕಿಗಳಿದ್ದಾರೆ.